ಕಾಳಿನಿಂದ ಹೊರಬಂದ ಭ್ರೂಣ ಏನು ತಿನ್ನುತ್ತದೆ?

ರೇಷನ್ ಅಂಗಡಿಯಿಂದ ತಂದ ಬೆಳ್ತಿಗೆ ಅಕ್ಕಿಯನ್ನು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುತ್ತದೆಯೇ? ಪ್ರಥಮ ಪಿಯುಸಿ ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಅರ್ಧದಷ್ಟು ಕೈಗಳು ಮೇಲೆ ಬಂದವು. ಹೆಸರುಕಾಳು ಮೊಳೆಯುತ್ತದೆ, ಮೆಂತ್ಯ ಮೊಳೆಯುತ್ತದೆ, ಅಕ್ಕಿ ಏಕೆ ಮೊಳೆಯಬಾರದು ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಒಂದು ಅಕ್ಕಿ ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಅದರ ಒಂದು ತುದಿಯಲ್ಲಿ, ಸ್ವಲ್ಪ ಪಕ್ಕಕ್ಕೆ, ಯಾರೋ ಕಚ್ಚಿ ತೆಗೆದಂತೆ ಸಣ್ಣ ಗುಳಿ ಕಾಣುತ್ತದೆ. ಭತ್ತದ ಭ್ರೂಣ ಇದ್ದದ್ದು ಅಲ್ಲಿ. ಮಿಲ್ಲಿನಲ್ಲಿ ಪಾಲಿಶ್ ಮಾಡುವಾಗ ತವುಡಿನ ಜೊತೆ ಅದೂ ಹೊರಟುಹೋಗಿದೆ. ಕುಚ್ಚಲಕ್ಕಿಯಾದರೆ ಭತ್ತವನ್ನು ಬೇಯಿಸುವ ಹೊತ್ತಿಗೇ ಭ್ರೂಣ ಸತ್ತಿರುತ್ತದೆ. ನಾವು ಅನ್ನ ಮಾಡಿ ಉಣ್ಣುವುದು ಮಗುವಿಲ್ಲದ ಮನೆಯ ಬುತ್ತಿಯನ್ನು ಮಾತ್ರ.

ಇದರ ತಿರುಗುಮುರುಗು ಪ್ರಶ್ನೆಯೇ ಈ ಲೇಖನದ ವಿಷಯ. ಬುತ್ತಿಯನ್ನು ಬಿಟ್ಟು ಮಗುವನ್ನು ಮಾತ್ರ ಹೊರತೆಗೆದರೆ ಅದು ಬದುಕುತ್ತದೆಯೇ? ಬದುಕಬೇಕಾದರೆ ಅದಕ್ಕೆ ಏನು ಉಣಿಸಬೇಕು? ಸಕ್ಕರೆ ಕೊಟ್ಟರೆ ಸಾಕೆಂದು ಮೊದಲಿಗೆ ಅನ್ನಿಸುತ್ತದೆ. ಸಾಲದು. ಸಾರಜನಕ ಬೇಕು. ಯಾವ ರೂಪದ ಸಾರಜನಕ ಎಂಬಲ್ಲಿಂದ ಕಷ್ಟ ಶುರುವಾಗುತ್ತದೆ, ಮತ್ತು ಆ ಕಷ್ಟಕ್ಕೂ ನಮ್ಮ ಕರಾವಳಿಯ ಗಜನಿ ಗದ್ದೆಗಳಂಥ ಉಪ್ಪುನೀರಿನ ನೆಲಕ್ಕೂ ದೂರದ ಸಂಬಂಧವೊಂದಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಕಾಳಿನ ಒಳಗಿನ ವ್ಯವಸ್ಥೆ ನೋಡೋಣ. ಭತ್ತ, ಗೋಧಿ, ಜೋಳ, ಬಾರ್ಲಿ ಇವೆಲ್ಲ ಹುಲ್ಲಿನ ಕುಟುಂಬದವು. ಇವುಗಳ ಕಾಳಿನ ಬಹುಪಾಲು ಭ್ರೂಣಾಹಾರ, ಅಂದರೆ ನಮ್ಮ ಪಠ್ಯದ ಎಂಡೋಸ್ಪರ್ಮ್. ಭತ್ತದಲ್ಲಿ ಭ್ರೂಣ ಇಡೀ ಕಾಳಿನ ತೂಕದ ನೂರಕ್ಕೆ ಎರಡು ಮೂರು ಪಾಲು ಮಾತ್ರ; ಮೆಕ್ಕೆಜೋಳದಲ್ಲಿ ಹೆಚ್ಚು, ನೂರಕ್ಕೆ ಹತ್ತರ ಆಸುಪಾಸು. ಭ್ರೂಣ ಮತ್ತು ಭ್ರೂಣಾಹಾರದ ನಡುವೆ ಗುರಾಣಿಯಂಥ ಒಂದು ಎಲೆಯಿದೆ, ಸ್ಕ್ಯುಟೆಲ್ಲಮ್. ಪರೀಕ್ಷೆಯಲ್ಲಿ ಇದನ್ನು ‘ಏಕದಳ ಸಸ್ಯದ ಬೀಜದಳ’ ಎಂದು ಬರೆದು ಒಂದು ಅಂಕ ಪಡೆದು ಮರೆತುಬಿಡುತ್ತೇವೆ. ನಿಜಕ್ಕೂ ಇದು ಭ್ರೂಣದ ಬಾಯಿ. ಇದಕ್ಕೆ ಹಲ್ಲಿಲ್ಲ, ಆದ್ದರಿಂದ ಕರಗಿದ ಆಹಾರವನ್ನಷ್ಟೇ ಹೀರುತ್ತದೆ.

ಕಾಳು ನೆನೆದ ಕೂಡಲೇ ಏನಾಗುತ್ತದೆ ಎಂದು ಕೇಳಿದರೆ ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಾರೆ: ಜಿಬ್ಬರೆಲಿನ್ ಬಿಡುಗಡೆಯಾಗುತ್ತದೆ, ಅಲ್ಯೂರೋನ್ ಪದರ ಅಮೈಲೇಸ್ ತಯಾರಿಸುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಸರಿ. ಆದರೆ ಅದೇ ಹೊತ್ತಿಗೆ ಪ್ರೋಟೀನ್ ಒಡೆಯುವ ಕಿಣ್ವಗಳೂ ಕೆಲಸ ಮಾಡುತ್ತಿರುತ್ತವೆ ಎಂಬುದನ್ನು ಯಾರೂ ಹೇಳುವುದಿಲ್ಲ. ಒಂದು ಅಕ್ಕಿ ಕಾಳಿನ ತೂಕ ಸುಮಾರು 20 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ ಏಳರಷ್ಟು ಪ್ರೋಟೀನ್ ಇದ್ದರೆ 1.4 ಮಿಲಿಗ್ರಾಂ ಆಯಿತು. ಪ್ರೋಟೀನಿನ ತೂಕದಲ್ಲಿ ಆರನೆಯ ಒಂದು ಪಾಲು ಸಾರಜನಕ. ಅಂದರೆ ಒಂದು ಕಾಳಿನಲ್ಲಿ ಸುಮಾರು 0.23 ಮಿಲಿಗ್ರಾಂ. ಬೇರು ಮಣ್ಣಿಗಿಳಿದು ಸ್ವಂತ ಸಂಪಾದನೆ ಶುರುಮಾಡುವವರೆಗೆ ಆ ಸಸಿಯ ಡಿಎನ್‌ಎ, ಕಿಣ್ವಗಳು, ಹರಿತ್ತು ಎಲ್ಲದಕ್ಕೂ ಬಂಡವಾಳ ಇಷ್ಟೇ.

ಇಲ್ಲಿ ಗಮನಿಸಬೇಕಾದದ್ದು ಬುತ್ತಿಯ ರೂಪ. ಭ್ರೂಣಕ್ಕೆ ಕಾಳಿನೊಳಗೆ ಸಿಗುವುದು ಹಸಿ ದಿನಸಿಯಲ್ಲ, ಬೇಯಿಸಿದ ಅಡುಗೆ. ಪ್ರೋಟೀನ್ ಒಡೆದು ಅಮೈನೋ ಆಮ್ಲಗಳಾಗಿ, ಎರಡು ಮೂರು ಅಮೈನೋ ಆಮ್ಲಗಳ ಸಣ್ಣ ಪೆಪ್ಟೈಡ್‌ಗಳಾಗಿ ಸ್ಕ್ಯುಟೆಲ್ಲಮ್ ಬಳಿ ಬರುತ್ತವೆ. ಬಾರ್ಲಿಯ ಸ್ಕ್ಯುಟೆಲ್ಲಮ್ ಈ ಸಣ್ಣ ಪೆಪ್ಟೈಡ್‌ಗಳನ್ನು ಒಡೆಯುವುದಕ್ಕೂ ಕಾಯದೆ ಹಾಗೆಯೇ ಒಳಗೆಳೆದುಕೊಳ್ಳುತ್ತದೆ ಎಂಬುದು 1970ರ ದಶಕದಲ್ಲಿ ಗೊತ್ತಾಯಿತು. ಮಣ್ಣಿನಲ್ಲಿ ಬೆಳೆದ ಗಿಡದ ಬೇರು ಹೀರುವುದು ನೈಟ್ರೇಟ್ ಮತ್ತು ಅಮೋನಿಯಂ. ಆ ಕಚ್ಚಾ ಸಾಮಾನಿನಿಂದ ಅಡುಗೆ ಮಾಡುವ ಒಲೆ ದೊಡ್ಡ ಗಿಡದಲ್ಲಿ ಹೊತ್ತಿ ಉರಿಯುತ್ತಿರುತ್ತದೆ. ಭ್ರೂಣದಲ್ಲಿ ಒಲೆ ಇದೆ, ಆದರೆ ಇನ್ನೂ ಸರಿಯಾಗಿ ಹೊತ್ತಿಲ್ಲ.

ಭ್ರೂಣವನ್ನು ಕಾಳಿನಿಂದ ಬೇರ್ಪಡಿಸಿ ಬೆಳೆಸುವ ಪ್ರಯತ್ನ ಬಹಳ ಹಳೆಯದು. 1890ರಲ್ಲಿ ಹೊರೇಸ್ ಬ್ರೌನ್ ಮತ್ತು ಹ್ಯಾರಿಸ್ ಮಾರಿಸ್ ಎಂಬ ಇಬ್ಬರು ಇಂಗ್ಲಿಷ್ ರಸಾಯನಶಾಸ್ತ್ರಜ್ಞರು ಹುಲ್ಲಿನ ಜಾತಿಯ ಕಾಳುಗಳು ಮೊಳೆಯುವ ಬಗ್ಗೆ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದರು. ಬ್ರೌನ್ ಕೆಲಸ ಮಾಡುತ್ತಿದ್ದದ್ದು ಬಿಯರ್ ತಯಾರಿಸುವ ಕಾರ್ಖಾನೆಯಲ್ಲಿ. ಬಾರ್ಲಿ ಮೊಳಕೆಯೊಡೆಯುವುದು ಅಲ್ಲಿ ಹಣಕಾಸಿನ ಪ್ರಶ್ನೆ. ಅವರು ಬಾರ್ಲಿಯ ಭ್ರೂಣವನ್ನು ಬಿಡಿಸಿ ಸಕ್ಕರೆಯ ದ್ರಾವಣಗಳ ಮೇಲೆ ಇಟ್ಟು ನೋಡಿದರು, ಒಂದು ಕಾಳಿನ ಭ್ರೂಣವನ್ನು ಇನ್ನೊಂದು ಕಾಳಿನ ಭ್ರೂಣಾಹಾರದ ಮೇಲೆ ಕೂರಿಸಿಯೂ ನೋಡಿದರು. 1904ರಲ್ಲಿ ಜರ್ಮನಿಯ ಹ್ಯಾನಿಗ್ ಮೂಲಂಗಿಯಂಥ ಸಾಸಿವೆ ಕುಟುಂಬದ ಗಿಡಗಳ ಭ್ರೂಣಗಳನ್ನು ಸೂಕ್ಷ್ಮಾಣುಗಳಿಲ್ಲದ ಮಾಧ್ಯಮದಲ್ಲಿ ಬೆಳೆಸಿದರು. ಭ್ರೂಣ ಕೃಷಿಯ ಆರಂಭ ಎಂದು ಪುಸ್ತಕಗಳು ಸಾಮಾನ್ಯವಾಗಿ ಹೇಳುವುದು ಇದನ್ನು.

ಬಲಿತ ಕಾಳಿನ ಭ್ರೂಣವಾದರೆ ಬರೀ ನೀರಿನಲ್ಲೂ ಸ್ವಲ್ಪ ಬೆಳೆಯುತ್ತದೆ. ಸ್ಕ್ಯುಟೆಲ್ಲಮ್‌ನಲ್ಲಿಯೇ ಒಂದಿಷ್ಟು ಎಣ್ಣೆ, ಪ್ರೋಟೀನ್ ಶೇಖರವಾಗಿರುತ್ತದೆ. ಅದನ್ನು ಖರ್ಚು ಮಾಡಿ ಒಂದು ಬೇರು, ಒಂದು ಮೊಳಕೆ ಹೊರಹಾಕಿ ನಿಂತುಬಿಡುತ್ತದೆ. ಸಕ್ಕರೆ ಕೊಟ್ಟರೆ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. ಆದರೆ ಹೂ ಪರಾಗ ಪಡೆದು ಹತ್ತು ದಿನವಷ್ಟೇ ಆಗಿರುವ, ಹಾಲುಗಾಳಿನೊಳಗಿನ ಎಳೆಯ ಭ್ರೂಣಕ್ಕೆ ಯಾವ ಉಳಿತಾಯವೂ ಇಲ್ಲ. ನಾವು ಮುಖ್ಯವಾಗಿ ಮಾತಾಡುತ್ತಿರುವುದು ಇಂಥ ಎಳೆಯ ಭ್ರೂಣದ ಬಗ್ಗೆ.

ಅದಕ್ಕೆ ನೈಟ್ರೇಟ್ ಮಾತ್ರ ಕೊಟ್ಟರೆ? ನೈಟ್ರೇಟ್ ಒಳಗೆ ಹೋದ ಮೇಲೆ ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಕಿಣ್ವ ನೈಟ್ರೈಟನ್ನು ಅಮೋನಿಯಂ ಮಾಡಬೇಕು. ಈ ಎರಡು ಮೆಟ್ಟಿಲಿಗೆ ಒಟ್ಟು ಎಂಟು ಎಲೆಕ್ಟ್ರಾನ್ ಬೇಕು. ಹಸಿರೆಲೆಗಾದರೆ ಬೆಳಕಿನಿಂದ ಬಂದ ಶಕ್ತಿಯಿದೆ; ಕತ್ತಲಲ್ಲಿ ಅಗರ್ ಮೇಲೆ ಮಲಗಿರುವ ಬಿಳಿ ಭ್ರೂಣ ಅಷ್ಟನ್ನೂ ಸಕ್ಕರೆ ಸುಟ್ಟೇ ತೆರಬೇಕು. ಅಷ್ಟೇ ಅಲ್ಲ, ನೈಟ್ರೇಟ್ ರಿಡಕ್ಟೇಸ್ ಮೊದಲಿನಿಂದಲೇ ಸಿದ್ಧವಾಗಿರುವ ಕಿಣ್ವವಲ್ಲ. ನೈಟ್ರೇಟ್ ಬಂದ ಮೇಲೆ ಜೀವಕೋಶ ಅದನ್ನು ತಯಾರಿಸಲು ತೊಡಗುತ್ತದೆ. ತಯಾರಿಸುವುದಕ್ಕೆ ಪ್ರೋಟೀನ್ ಬೇಕು, ಪ್ರೋಟೀನಿಗೆ ಅಮೈನೋ ಆಮ್ಲ ಬೇಕು, ಅಮೈನೋ ಆಮ್ಲಕ್ಕೆ ಸಾರಜನಕ ಬೇಕು. ಅಂಗಡಿ ತೆರೆಯಲು ಬಂಡವಾಳ ಬೇಕು, ಬಂಡವಾಳ ಬರಬೇಕಾದರೆ ಅಂಗಡಿ ತೆರೆದಿರಬೇಕು ಎಂಬಂಥ ಪರಿಸ್ಥಿತಿ.

ಹಾಗಾದರೆ ಎರಡು ಮೆಟ್ಟಿಲು ಬಿಟ್ಟು ನೇರವಾಗಿ ಅಮೋನಿಯಂ ಕೊಟ್ಟರೆ ಉಳಿತಾಯವಲ್ಲವೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಒಳ್ಳೆಯ ಪ್ರಶ್ನೆ. ಬೇರು ಒಂದು ಅಮೋನಿಯಂ ಅಯಾನನ್ನು ಒಳಗೆ ತೆಗೆದುಕೊಂಡಾಗ ಲೆಕ್ಕ ಸರಿದೂಗಿಸಲು ಒಂದು ಹೈಡ್ರೋಜನ್ ಅಯಾನನ್ನು ಹೊರಗೆ ಬಿಡುತ್ತದೆ. ಹೊಲದ ಮಣ್ಣಿನಲ್ಲಾದರೆ ಅದು ಎಲ್ಲೋ ಚೆದುರಿಹೋಗುತ್ತದೆ. ಹತ್ತು ಮಿಲಿಲೀಟರ್ ಮಾಧ್ಯಮವಿರುವ ಪ್ರನಾಳದಲ್ಲಿ ಎಲ್ಲಿ ಹೋಗಬೇಕು? ಸಾಮಾನ್ಯವಾಗಿ 5.8ರ ಆಸುಪಾಸಿನಲ್ಲಿ ಸಿದ್ಧಪಡಿಸಿದ ಪಿಎಚ್ ಕೆಳಗಿಳಿಯುತ್ತ ಹೋಗಿ ಭ್ರೂಣ ತನ್ನದೇ ಹುಳಿಯಲ್ಲಿ ಕುಳಿತುಕೊಳ್ಳುತ್ತದೆ. ಒಳಗೂ ತೊಂದರೆ ಇದೆ. ಅಮೋನಿಯಂ ಜೀವಕೋಶದಲ್ಲಿ ಗುಡ್ಡೆಬಿದ್ದರೆ ವಿಷ. ಬಂದ ಕೂಡಲೇ ಅದನ್ನು ಗ್ಲುಟಮೇಟ್‌ಗೆ ಅಂಟಿಸಿ ಗ್ಲುಟಮಿನ್ ಮಾಡಬೇಕು, ಅದಕ್ಕೆ ಸಕ್ಕರೆಯಿಂದ ಬಂದ ಇಂಗಾಲದ ಅಸ್ಥಿಪಂಜರ ಬೇಕು. ಅಮೋನಿಯಂ ಮಾತ್ರ ಇರುವ ಮಾಧ್ಯಮಕ್ಕೆ ಸಿಟ್ರೇಟ್, ಸಕ್ಸಿನೇಟ್‌ನಂಥ ಕ್ರೆಬ್ಸ್ ಚಕ್ರದ ಆಮ್ಲ ಸೇರಿಸಿದರೆ ಜೀವಕೋಶಗಳು ಚೇತರಿಸಿಕೊಳ್ಳುತ್ತವೆ ಎಂದು 1970ರ ಸುಮಾರಿಗೆ ಗ್ಯಾಂಬೋರ್ಗ್ ತೋರಿಸಿದ್ದು ಈ ಹಿನ್ನೆಲೆಯಲ್ಲಿ. ಕ್ರೆಬ್ಸ್ ಚಕ್ರವನ್ನು ಬಾಯಿಪಾಠ ಮಾಡುವಾಗ ಅದರಿಂದ ಏನು ಉಪಯೋಗ ಎಂದು ಗೊಣಗುವವರು ಇದೊಂದನ್ನು ನೆನಪಿಟ್ಟುಕೊಳ್ಳಬಹುದು.

ನೈಟ್ರೇಟ್ ಹೀರುವಾಗ ಇದರ ವಿರುದ್ಧ ಆಗುತ್ತದೆ, ಮಾಧ್ಯಮದ ಪಿಎಚ್ ಏರುತ್ತದೆ. ಆದ್ದರಿಂದ ಎರಡನ್ನೂ ಬೆರೆಸಿ ಕೊಡುವುದೇ ರೂಢಿ. ಒಂದರ ಹುಳಿಯನ್ನು ಇನ್ನೊಂದು ತಡೆಯುತ್ತದೆ. ಎಷ್ಟಕ್ಕೆ ಎಷ್ಟು? ಅಂಗಾಂಶ ಕೃಷಿಯ ಎಲ್ಲ ಪ್ರಯೋಗಾಲಯಗಳಲ್ಲೂ ಹೆಸರು ಕೇಳುವ ಎಂ.ಎಸ್. ಮಾಧ್ಯಮವನ್ನು 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ತಂಬಾಕಿನ ಅಂಗಾಂಶಕ್ಕಾಗಿ ರೂಪಿಸಿದರು. ಒಂದು ಲೀಟರಿಗೆ ಅಮೋನಿಯಂ ನೈಟ್ರೇಟ್ 1650 ಮಿಲಿಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 1900 ಮಿಲಿಗ್ರಾಂ. ನಿಮ್ಮ ರಸಾಯನಶಾಸ್ತ್ರದ ಮೋಲ್ ಲೆಕ್ಕ ಇಲ್ಲಿ ಹಾಕಿನೋಡಿ: ಅಮೋನಿಯಂ ಸುಮಾರು 20.6 ಮಿಲಿಮೋಲ್, ನೈಟ್ರೇಟ್ ಸುಮಾರು 39.4, ಹೆಚ್ಚುಕಡಿಮೆ ಒಂದಕ್ಕೆ ಎರಡು. ಭತ್ತಕ್ಕೆ ಈ ಪ್ರಮಾಣ ಅಷ್ಟಾಗಿ ಒಗ್ಗಲಿಲ್ಲ. 1975ರಲ್ಲಿ ಚೀನಾದ ಚು ಮತ್ತು ಸಂಗಡಿಗರು ಭತ್ತದ ಪರಾಗಕೋಶ ಬೆಳೆಸಲು ಸಾರಜನಕದ ಮೂಲಗಳನ್ನೇ ಬದಲಿಸಿ ಬದಲಿಸಿ ಹೋಲಿಸಿ ಎನ್6 ಎಂಬ ಮಾಧ್ಯಮ ಕಂಡುಕೊಂಡರು. ಅದರಲ್ಲಿ ಅಮೋನಿಯಂ ಸಲ್ಫೇಟ್ 463 ಮಿಲಿಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 2830 ಮಿಲಿಗ್ರಾಂ. ಮತ್ತೆ ಲೆಕ್ಕ ಹಾಕಿದರೆ ಅಮೋನಿಯಂ 7, ನೈಟ್ರೇಟ್ 28 ಮಿಲಿಮೋಲ್. ಒಂದಕ್ಕೆ ನಾಲ್ಕು. ಅಮೋನಿಯಂ ಸಲ್ಫೇಟ್ ಸೂತ್ರದಲ್ಲಿ ಎರಡು ಅಮೋನಿಯಂ ಇದೆ ಎಂಬುದನ್ನು ಮರೆತವರಿಗೆ ಉತ್ತರ ತಪ್ಪು ಬರುತ್ತದೆ. ಗದ್ದೆಯ ಕೆಸರಿನಲ್ಲಿ ಅಮೋನಿಯಂ ಉಂಡೇ ಬೆಳೆಯುವ ಭತ್ತ ಸೀಸೆಯೊಳಗೆ ಅಮೋನಿಯಂ ಕಡಿಮೆ ಮಾಡಿ ಎನ್ನುತ್ತದೆ, ನೋಡಿ. ಗಿಡಕ್ಕೆ ನಿಜವಾದದ್ದು ಜೀವಕೋಶಕ್ಕೆ, ಪರಾಗಕ್ಕೆ, ಭ್ರೂಣಕ್ಕೆ ನಿಜವಾಗಲೇಬೇಕೆಂದಿಲ್ಲ.

ಇನ್ನು ಸಿದ್ಧ ಅಡುಗೆಯ ಕಡೆಗೆ ಬರೋಣ. ಕಾಳಿನೊಳಗೆ ಭ್ರೂಣಕ್ಕೆ ಸಿಗುತ್ತಿದ್ದದ್ದು ಅಮೈನೋ ಆಮ್ಲ ತಾನೇ, ಅದನ್ನೇ ಕೊಟ್ಟುಬಿಡೋಣ ಎಂಬ ಯೋಚನೆ ಸಹಜ. 1964ರಲ್ಲಿ ಆ್ಯನ್ ಓಕ್ಸ್ ಮತ್ತು ಹ್ಯಾರಿ ಬೀವರ್ಸ್ ಮೆಕ್ಕೆಜೋಳದ ಭ್ರೂಣಗಳ ಮೇಲೆ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯೇ ‘ಮೆಕ್ಕೆಜೋಳದ ಭ್ರೂಣಕ್ಕೆ ಸಾವಯವ ಸಾರಜನಕದ ಅಗತ್ಯ’ ಎಂಬ ಅರ್ಥದ್ದು. ಭ್ರೂಣಾಹಾರ ತೆಗೆದುಹಾಕಿದ ಭ್ರೂಣ ತನ್ನ ಅಮೈನೋ ಆಮ್ಲಗಳನ್ನು ತಾನೇ ತಯಾರಿಸಬಲ್ಲುದಾದರೂ ಬೆಳವಣಿಗೆಯ ವೇಗಕ್ಕೆ ಬೇಕಾದಷ್ಟು ತಯಾರಿಸಲಾರದು. ಹೊರಗಿನಿಂದ ಕೊಟ್ಟಾಗ ಚೆನ್ನಾಗಿ ಬೆಳೆಯುತ್ತದೆ.

ಯಾವ ಅಮೈನೋ ಆಮ್ಲ? 1956ರಲ್ಲಿ ಹ್ಯಾರಿಸ್ ಎಂಬವರು ಓಟ್ಸ್ ಭ್ರೂಣಗಳಿಗೆ ಬೇರೆಬೇರೆ ಅಮೈನೋ ಆಮ್ಲಗಳನ್ನು ಸಾರಜನಕದ ಮೂಲವಾಗಿ ಕೊಟ್ಟು ನೋಡಿದ್ದರು. ಇಂಥ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಮುಂದೆ ಬರುವ ಹೆಸರು ಗ್ಲುಟಮಿನ್. ಅದಕ್ಕೆ ಕಾರಣ ಊಹಿಸಬಹುದು. ಗಿಡ ಅಮೋನಿಯಂ ಹಿಡಿದಿಟ್ಟಾಗ ಮೊದಲು ಆಗುವ ವಸ್ತುವೇ ಗ್ಲುಟಮಿನ್. ಉಳಿದ ಅಮೈನೋ ಆಮ್ಲಗಳಿಗೆಲ್ಲ ಸಾರಜನಕ ಅಲ್ಲಿಂದ ಹಂಚಿಕೆಯಾಗುತ್ತದೆ. ಅದರ ಒಂದು ಅಣುವಿನಲ್ಲಿ ಎರಡು ಸಾರಜನಕ ಪರಮಾಣುಗಳಿವೆ, ಅಮೋನಿಯಂನ ವಿಷವಿಲ್ಲ, ಪಿಎಚ್ ಕೆಡಿಸುವ ಗುಣವೂ ಇಲ್ಲ. ಕೈಗೆ ಚಿಲ್ಲರೆ ಕೊಟ್ಟಂತೆ.

ಆದರೆ ಅಮೈನೋ ಆಮ್ಲಗಳೆಲ್ಲ ಒಳ್ಳೆಯವೇ ಎಂದುಕೊಂಡರೆ ಮೋಸ ಹೋಗುತ್ತೇವೆ. ಒಂದೇ ಒಂದು ವ್ಯಾಲಿನ್ ಧಾರಾಳವಾಗಿ ಹಾಕಿದರೆ ಬೆಳವಣಿಗೆ ನಿಂತುಹೋಗುತ್ತದೆ! ಆಹಾರವೇ ಹೇಗೆ ವಿಷವಾಯಿತು? ವ್ಯಾಲಿನ್, ಲ್ಯೂಸಿನ್, ಐಸೊಲ್ಯೂಸಿನ್ ಮೂರೂ ಒಂದೇ ಕಿಣ್ವದ ಬಾಗಿಲಿನಿಂದ ಹೊರಡುತ್ತವೆ. ವ್ಯಾಲಿನ್ ಹೆಚ್ಚಾದಾಗ ‘ಸಾಕು, ನಿಲ್ಲಿಸು’ ಎಂಬ ಸಂದೇಶ ಹೋಗಿ ಆ ಬಾಗಿಲು ಮುಚ್ಚುತ್ತದೆ. ಕಡಿಮೆ ಇದ್ದ ಐಸೊಲ್ಯೂಸಿನ್ ತಯಾರಿಕೆಯೂ ಅದರ ಜೊತೆ ನಿಲ್ಲುತ್ತದೆ. ಅಂದರೆ ಭ್ರೂಣ ಸೊರಗುವುದು ವ್ಯಾಲಿನ್‌ನಿಂದಲ್ಲ, ಐಸೊಲ್ಯೂಸಿನ್ ಇಲ್ಲದ್ದರಿಂದ.

ಇದೇ ಗುಣವನ್ನು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಬ್ರೈಟ್, ಮಿಫ್ಲಿನ್ ಮತ್ತು ಸಂಗಡಿಗರು ಬಹಳ ಜಾಣತನದಿಂದ ಬಳಸಿಕೊಂಡರು. ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ ಎಂಬುದು ನಿಮಗೆ ಗೊತ್ತು. ಅನ್ನದ ಜೊತೆ ಬೇಳೆಯೋ ಮೀನೋ ಇರಬೇಕೆನ್ನುವುದು ಅದಕ್ಕೇ. 1978ರಲ್ಲಿ ಅವರು ಗೋಧಿ ಮತ್ತು ಬಾರ್ಲಿಯ ಭ್ರೂಣಗಳನ್ನು ಲೈಸಿನ್ ಮತ್ತು ಥ್ರಿಯೋನಿನ್ ಒಟ್ಟಿಗೆ ಸೇರಿಸಿದ ಮಾಧ್ಯಮದಲ್ಲಿಟ್ಟರು. ಬೆಳವಣಿಗೆ ಕುಂಠಿತವಾಯಿತು. ಸ್ವಲ್ಪ ಮೆಥಿಯೋನಿನ್ ಹಾಕಿದಾಗ ಮತ್ತೆ ಚಿಗುರಿತು. ಇಲ್ಲಿಯೂ ಅದೇ ಕಥೆ: ಎರಡು ಅಮೈನೋ ಆಮ್ಲಗಳು ಸೇರಿ ಬಾಗಿಲು ಮುಚ್ಚಿದ್ದರಿಂದ ಮೂರನೆಯದು ಹಸಿದಿತ್ತು. ಮುಂದೆ ಅವರು ಮಾಡಿದ್ದು ಇನ್ನೂ ಸ್ವಾರಸ್ಯ. ಉತ್ಪರಿವರ್ತನೆಗೆ ಒಳಪಡಿಸಿದ ಬಾರ್ಲಿಯ ಸಾವಿರಾರು ಭ್ರೂಣಗಳನ್ನು ಇದೇ ‘ಹಸಿವಿನ ತಟ್ಟೆ’ಯಲ್ಲಿಟ್ಟರೆ ಮಾಮೂಲಿ ಭ್ರೂಣಗಳು ಕುಗ್ಗಿ ಕೂರುತ್ತವೆ, ಬಾಗಿಲು ಮುಚ್ಚುವ ಕಿಣ್ವ ಬದಲಾಗಿರುವ ಒಂದೆರಡು ಮಾತ್ರ ಎದ್ದು ಬೆಳೆಯುತ್ತವೆ. ಹಾಗೆ ಸಿಕ್ಕ ಕೆಲವು ಗಿಡಗಳ ಕಾಳಿನಲ್ಲಿ ಬಿಡಿ ಥ್ರಿಯೋನಿನ್ ಹೆಚ್ಚಿತ್ತು. ಎಕರೆಗಟ್ಟಲೆ ಹೊಲದಲ್ಲಿ ಹುಡುಕಬೇಕಾದದ್ದನ್ನು ಮೇಜಿನ ಮೇಲಿನ ಗಾಜಿನ ತಟ್ಟೆಗಳಲ್ಲಿ ಹುಡುಕಿದರು.

ಒಂಟಿ ಅಮೈನೋ ಆಮ್ಲದ ಅಪಾಯ ತಪ್ಪಿಸಲು ಬಹುಕಾಲದಿಂದ ಬಳಸುತ್ತಿರುವ ಸುಲಭ ದಾರಿ ಕೇಸಿನ್ ಹೈಡ್ರಾಲಿಸೇಟ್. ಹಾಲಿನ ಪ್ರೋಟೀನ್ ಒಡೆದು ಮಾಡಿದ ಪುಡಿ ಇದು, ಇದರಲ್ಲಿ ಹತ್ತಾರು ಅಮೈನೋ ಆಮ್ಲಗಳು ಒಟ್ಟಿಗಿರುವುದರಿಂದ ಒಂದರ ತೊಂದರೆಯನ್ನು ಇನ್ನೊಂದು ನೀಗಿಸುತ್ತದೆ. ಒಂದು ಎಚ್ಚರಿಕೆ: ಆಮ್ಲ ಹಾಕಿ ಒಡೆದ ಪುಡಿಯಲ್ಲಿ ಗ್ಲುಟಮಿನ್ ಉಳಿಯುವುದಿಲ್ಲ, ಟ್ರಿಪ್ಟೋಫಾನ್ ನಾಶವಾಗುತ್ತದೆ; ಕಿಣ್ವದಿಂದ ಒಡೆದದ್ದರಲ್ಲಿ ಅವು ಉಳಿದಿರುತ್ತವೆ. ಡಬ್ಬಿಯ ಮೇಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೆಸರು. ಗ್ಲುಟಮಿನ್ ಪ್ರತ್ಯೇಕವಾಗಿ ಹಾಕುವಾಗಲೂ ಅದನ್ನು ಮಾಧ್ಯಮದ ಜೊತೆ ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಕಾಯಿಸುವಂತಿಲ್ಲ, ಒಡೆದು ಅಮೋನಿಯಾ ಬಿಡುತ್ತದೆ. 0.22 ಮೈಕ್ರೋಮೀಟರ್ ರಂಧ್ರದ ಸೋಸುಪೊರೆಯಲ್ಲಿ ಸೋಸಿ, ಮಾಧ್ಯಮ ತಣಿದ ಮೇಲೆ ಬೆರೆಸಬೇಕು. ಇದನ್ನು ಮರೆತರೆ ಬರೆದದ್ದು ಗ್ಲುಟಮಿನ್, ಭ್ರೂಣಕ್ಕೆ ಸಿಕ್ಕಿದ್ದು ಬೇರೇನೋ.

ಇನ್ನೊಂದು ದಾರಿ ಕಾರವಾರದವರಿಗೆ ಹೇಳಿಕೊಡಬೇಕಾಗಿಲ್ಲ: ಎಳನೀರು. ತೆಂಗಿನಕಾಯಿಯ ನೀರು ಎಂದರೆ ತೆಂಗಿನ ಭ್ರೂಣಕ್ಕಾಗಿ ಇಟ್ಟ ದ್ರವರೂಪದ ಭ್ರೂಣಾಹಾರ. ಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದರ ಹಿಂದೆ ಆ ಪುಟ್ಟ ಭ್ರೂಣ ಕುಳಿತಿರುತ್ತದೆ. 1941ರಲ್ಲಿ ವಾನ್ ಓವರ್‌ಬೀಕ್, ಕಾಂಕ್ಲಿನ್ ಮತ್ತು ಬ್ಲೇಕ್‌ಸ್ಲೀ ದತ್ತೂರದ ಬಹಳ ಎಳೆಯ ಭ್ರೂಣಗಳನ್ನು ಇದರ ನೆರವಿನಿಂದ ಬೆಳೆಸಿದ ಮೇಲೆ ಜಗತ್ತಿನ ಪ್ರಯೋಗಾಲಯಗಳೆಲ್ಲ ತೆಂಗಿನಕಾಯಿ ಹುಡುಕತೊಡಗಿದವು. ಅದರಲ್ಲಿ ಸಕ್ಕರೆ, ಅಮೈನೋ ಆಮ್ಲಗಳು, ಸೈಟೋಕೈನಿನ್ ಗುಂಪಿನ ಹಾರ್ಮೋನ್ ಎಲ್ಲ ಇವೆ. ಬಾರ್ಲಿಯ ಎಳೆಯ ಭ್ರೂಣಗಳನ್ನು ಎಳನೀರಿನಲ್ಲಿ ಬೆಳೆಸಿದ ಅಮೆರಿಕದ ನಾರ್ಸ್ಟಾಗ್ ಕೊನೆಗೆ 1973ರಲ್ಲಿ ಎಳನೀರೇ ಬೇಡದ, ಗ್ಲುಟಮಿನ್ ಮತ್ತಿತರ ಅಮೈನೋ ಆಮ್ಲಗಳಿರುವ ಪೂರ್ತಿ ಕೃತಕ ಮಾಧ್ಯಮ ರೂಪಿಸಿದರು. ಒಂದು ಕಾಯಿಯ ನೀರಿನಂತೆ ಇನ್ನೊಂದು ಕಾಯಿಯದು ಇರುವುದಿಲ್ಲ ಎಂಬುದು ವಿಜ್ಞಾನಿಗಳ ತಕರಾರು. ನಮ್ಮಲ್ಲಿ ಅದು ಕುಡಿಯುವವನ ಅದೃಷ್ಟ.

ಎಳೆಯ ಭ್ರೂಣಕ್ಕೆ ಇನ್ನೊಂದು ಕಾಟವಿದೆ, ಅವಸರ. ಕಾಳಿನಿಂದ ಹೊರತೆಗೆದ ತಕ್ಷಣ ಅದು ಭ್ರೂಣವಾಗಿ ದೊಡ್ಡದಾಗುವುದನ್ನು ಬಿಟ್ಟು ಮೊಳೆಯಲು ಹೊರಡುತ್ತದೆ. ಹಾಗೆ ಹುಟ್ಟಿದ ಸಸಿ ಬಡಕಲು, ಹೆಚ್ಚಿನವು ಸಾಯುತ್ತವೆ. 1950ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಜೀಬರ್, ಬ್ರಿಂಕ್ ಮತ್ತು ಸಂಗಡಿಗರು ಬಾರ್ಲಿ ಭ್ರೂಣಗಳಿಗೆ ಕೇಸಿನ್ ಹೈಡ್ರಾಲಿಸೇಟ್ ಕೊಟ್ಟಾಗ ಈ ಅವಸರ ತಗ್ಗಿ ಭ್ರೂಣ ಭ್ರೂಣವಾಗಿಯೇ ಬೆಳೆಯಿತು. ಪುಡಿಯಲ್ಲಿದ್ದ ಆಹಾರ ಒಂದು ಕಾರಣ. ದ್ರಾವಣದ ಆಸ್ಮೋಟಿಕ್ ಒತ್ತಡ ಹೆಚ್ಚಿದ್ದು ಇನ್ನೊಂದು ಕಾರಣ. ಈಗ ತೀರಾ ಎಳೆಯ ಭ್ರೂಣಗಳಿಗೆ ನೂರಕ್ಕೆ 8ರಿಂದ 12ರಷ್ಟು ಸಕ್ಕರೆ ಹಾಕಿ ಆಮೇಲೆ 2–3ಕ್ಕೆ ಇಳಿಸುವುದುಂಟು. ಹಾಲುಗಾಳಿನೊಳಗಿನ ದ್ರವವೂ ಹಾಗೆಯೇ ಗಟ್ಟಿಯಾಗಿರುತ್ತದೆ.

ಇಷ್ಟೆಲ್ಲ ಉಪಚಾರ ಏಕೆ? ಗದ್ದೆಯಲ್ಲಿ ಭತ್ತ ತಾನಾಗಿ ಮೊಳೆಯುತ್ತದೆಯಲ್ಲ? ಮೊಳೆಯುತ್ತದೆ. ಮೊಳೆಯಲಾರದ ಭ್ರೂಣಗಳಿಗಾಗಿ ಈ ಪಾಡು. ದೂರದ ಸಂಬಂಧದ ಎರಡು ಜಾತಿಗಳನ್ನು ಕೂಡಿಸಿದಾಗ ಎಷ್ಟೋ ಸಲ ಭ್ರೂಣ ಉಂಟಾಗುತ್ತದೆ, ಆದರೆ ಭ್ರೂಣಾಹಾರ ಕೆಡುತ್ತದೆ. ತಾಯಿಯ ಎರಡು ಪಾಲು, ತಂದೆಯ ಒಂದು ಪಾಲು ವರ್ಣತಂತುಗಳು ಸೇರಿ ಆಗುವ ಅಂಗಾಂಶ ಅದು. ಜಾತಿ ಬೇರೆಯಾದಾಗ ಆ ಹೊಂದಾಣಿಕೆ ಮುರಿಯುತ್ತದೆ. ಮಗುವಿನಲ್ಲಿ ದೋಷವಿಲ್ಲದಿದ್ದರೂ ಬುತ್ತಿ ಹಳಸಿ ಮಗು ಸಾಯುತ್ತದೆ. ಸಾಯುವ ಮೊದಲೇ ಅದನ್ನು ಹೊರತೆಗೆದು ಸೀಸೆಯಲ್ಲಿ ಸಾಕುವುದಕ್ಕೆ ಭ್ರೂಣ ರಕ್ಷಣೆ ಎನ್ನುತ್ತಾರೆ. ಮೇಲೆ ಹೇಳಿದ ಸಾರಜನಕದ ಲೆಕ್ಕಗಳೆಲ್ಲ ಅಲ್ಲಿ ಬದುಕು ಸಾವಿನ ಲೆಕ್ಕಗಳು. 1970ರಲ್ಲಿ ಕಾಶಾ ಮತ್ತು ಕಾವ್ ಬಾರ್ಲಿಯನ್ನು ಅದರ ಕಾಡು ಬಂಧುವಿನೊಡನೆ ಕೂಡಿಸಿ, ಹಾಗೆ ಉಳಿಸಿಕೊಂಡ ಭ್ರೂಣಗಳಿಂದ ಒಂದೇ ಜೊತೆ ವರ್ಣತಂತುಗಳ ಬಾರ್ಲಿ ಪಡೆದರು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಜೆನಾ ಮತ್ತು ಖುಷ್ 1990ರಲ್ಲಿ ಕಾಡುಭತ್ತವೊಂದರ ಕಂದು ಜಿಗಿಹುಳು ನಿರೋಧಕ ಗುಣವನ್ನು ನಾಡಭತ್ತಕ್ಕೆ ತಂದದ್ದೂ ಭ್ರೂಣ ರಕ್ಷಣೆಯ ಮೂಲಕ. ಅಲ್ಲಿ ಇಂಥ ಭ್ರೂಣಗಳಿಗೆ ಬಳಸುವುದು ಎಂ.ಎಸ್. ಮಾಧ್ಯಮವನ್ನು ಕಾಲು ಭಾಗಕ್ಕೆ ತೆಳು ಮಾಡಿ. ಅಂದರೆ ಅಮೋನಿಯಂ ಸುಮಾರು 5 ಮಿಲಿಮೋಲ್ ಮಾತ್ರ. ದುರ್ಬಲ ಮಗುವಿಗೆ ಗಂಜಿ.

ಈಗ ಗಜನಿಯ ಮಾತು. ಕಾಳಿ, ಗಂಗಾವಳಿ, ಅಘನಾಶಿನಿ ನದಿಗಳು ಸಮುದ್ರ ಸೇರುವ ಕಡೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳನ್ನು ನಾವು ಗಜನಿ ಎನ್ನುತ್ತೇವೆ. ಕುಮಟಾ ತಾಲೂಕಿನ ಮಾಣಿಕಟ್ಟಾ ಭಾಗದಲ್ಲಿ ರೈತರು ಇಂಥ ನೆಲದಲ್ಲಿ ಕಗ್ಗ ಎಂಬ ಕೆಂಪಕ್ಕಿಯ ಭತ್ತ ಬೆಳೆಯುತ್ತಾರೆ. ಮಳೆ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ನಡುವೆ ಉಪ್ಪುನೀರು ಬಂದರೂ ನೆರೆ ನಿಂತರೂ ತಡೆದುಕೊಳ್ಳುವ ತಳಿ. ಇಳುವರಿ ಕಡಿಮೆ, ಕಟ್ಟೆ ಒಡೆದರೆ ಅದೂ ಇಲ್ಲ. ಕಗ್ಗ ನಮ್ಮ ನಾಡಭತ್ತದ್ದೇ ತಳಿ, ಆದ್ದರಿಂದ ಅದನ್ನು ಬೇರೆ ಭತ್ತದೊಡನೆ ಕೂಡಿಸಲು ಯಾವ ಸೀಸೆಯೂ ಬೇಡ, ಕತ್ತರಿ ಚಿಮಟ ಸಾಕು. ಆದರೆ ಉಪ್ಪು ತಡೆಯುವುದರಲ್ಲಿ ಇದನ್ನೂ ಮೀರಿಸಿದ ಕಾಡು ಬಂಧುವೊಂದಿದೆ, ಒರೈಜಾ ಕೊಆರ್ಕ್ಟೇಟಾ. ಸುಂದರಬನದ ಕಡೆ, ಸಿಂಧೂ ನದಿಯ ಮುಖಜಭೂಮಿಯಲ್ಲಿ ಉಬ್ಬರದ ನೀರಿನಲ್ಲಿ ಮುಳುಗಿ ಏಳುತ್ತ ಬೆಳೆಯುವ ಹುಲ್ಲು. ಹೀರಿದ ಉಪ್ಪನ್ನು ಎಲೆಯ ಮೇಲಿನ ಸೂಕ್ಷ್ಮ ರೋಮಗಳ ಮೂಲಕ ಹೊರಹಾಕುತ್ತದೆ. ನಮ್ಮ ಭತ್ತದಲ್ಲಿ ವರ್ಣತಂತುಗಳು 24, ಅದರಲ್ಲಿ 48. ಇವೆರಡೂ ಸುಲಭವಾಗಿ ಕೂಡುವುದಿಲ್ಲ.

ಅದೇ ಸಂಸ್ಥೆ 2013ರಲ್ಲಿ ತಿಳಿಸಿದಂತೆ, ಜೆನಾ ಅವರ ತಂಡ ಐಆರ್56 ಎಂಬ ಭತ್ತವನ್ನು ಈ ಹುಲ್ಲಿನೊಡನೆ ಸುಮಾರು 34,000 ಸಲ ಕೂಡಿಸಿತು. ರಕ್ಷಿಸಲು ಸಿಕ್ಕ ಭ್ರೂಣಗಳು ಮೂರು. ಅವುಗಳಲ್ಲಿ ಬೆಳೆದದ್ದು ಒಂದು. ಆ ಒಂದನ್ನು ಪೋಷಕ ದ್ರಾವಣದಲ್ಲಿ ಸಾಕಿ, ಗದ್ದೆಯಲ್ಲಿ ನಿಲ್ಲುವಷ್ಟು ಗಟ್ಟಿಯಾದ ಮೇಲೆ ಮತ್ತೆ ಮತ್ತೆ ಐಆರ್56ರೊಡನೆ ಕೂಡಿಸುವ ಕೆಲಸ ಮುಂದುವರಿಯಿತು. ಮೂವತ್ನಾಲ್ಕು ಸಾವಿರ ಹೂಗಳ ದುಡಿಮೆ ಒಂದು ಗಾಜಿನ ನಳಿಗೆಯಲ್ಲಿ, ಕಣ್ಣಿಗೆ ಸರಿಯಾಗಿ ಕಾಣದ ಒಂದು ಚುಕ್ಕೆಯಾಗಿ ಕುಳಿತಿದ್ದಾಗ ಮಾಧ್ಯಮ ತಯಾರಿಸಿದವರ ಕೈ ನಡುಗದೆ ಇದ್ದೀತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಮೋನಿಯಂ ಸ್ವಲ್ಪ ಹೆಚ್ಚಾಗಿದ್ದರೆ?

ನಮ್ಮ ಪ್ರಯೋಗಾಲಯದಲ್ಲಿ ಇಷ್ಟೆಲ್ಲ ಆಗದು, ಆದರೂ ಚಿಕ್ಕದೊಂದನ್ನು ಮಾಡಿನೋಡಬಹುದು. ಕಳೆದ ವರ್ಷ ನಾವು ರಾತ್ರಿ ನೆನೆಸಿದ ಗೋಧಿಯಿಂದ ಸೂಜಿಯಲ್ಲಿ ಭ್ರೂಣ ಬಿಡಿಸಿ ಒದ್ದೆ ಹತ್ತಿಯ ಮೇಲಿಟ್ಟಿದ್ದೆವು; ಒಂದು ತಟ್ಟೆಗೆ ಬರೀ ನೀರು, ಒಂದಕ್ಕೆ ಸಕ್ಕರೆ ನೀರು, ಒಂದಕ್ಕೆ ಎಳನೀರು. ಮೂರನೆಯ ದಿನಕ್ಕೆ ಸಕ್ಕರೆಯ ತಟ್ಟೆ, ಎಳನೀರಿನ ತಟ್ಟೆ ಎರಡರಲ್ಲೂ ಬೂಷ್ಟು. ಭ್ರೂಣಕ್ಕೆ ರುಚಿಸುವುದೆಲ್ಲ ಬೂಷ್ಟಿಗೂ ರುಚಿಸುತ್ತದೆ ಎಂಬುದಷ್ಟೇ ಆ ಸಲದ ಫಲಿತಾಂಶ. ನೀರಿನ ತಟ್ಟೆಯವು ಮಾತ್ರ ಒಂದು ಬೇರು ಬಿಟ್ಟು ನಿಂತಿದ್ದವು. ಈ ಸಲ ಕಾಳುಗಳನ್ನು ಮೊದಲು ತೆಳುವಾದ ಬ್ಲೀಚ್ ದ್ರಾವಣದಲ್ಲಿ ಹತ್ತು ನಿಮಿಷ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಾಡಿ, ಸೂಜಿಯನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸಿ ಕೆಲಸ ಮಾಡುವ ಯೋಚನೆ. ಸೇರಿಕೊಳ್ಳುವವರು ಸೆಪ್ಟೆಂಬರ್‌ನಲ್ಲಿ ತಮ್ಮ ಊರಿನ ಗದ್ದೆಯಿಂದ ಹಾಲುಗಾಳು ಹಂತದ ಒಂದೆರಡು ತೆನೆ ತನ್ನಿ. ಉಗುರಿನಿಂದ ಒತ್ತಿದರೆ ಬಿಳಿ ಹಾಲು ಬರಬೇಕು, ಗಟ್ಟಿಯಾಗಿರಬಾರದು. ತೆನೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸಿನ ಬಿಸಿಲಿನ ಕಿಟಕಿಯ ಬಳಿ ಇಡಬೇಡಿ.